ಆಕೆ ಬಿದ್ದಾಗ ನಕ್ಕವರು

ನವೆಂಬರ್ 3, ಸೋಮವಾರ

ಬೆಳಿಗ್ಗೆಯಿಂದ ಬರೀ ಹುಟ್ಟುಹಬ್ಬದ ಬ್ಯಾನರುಗಳು. ಅದೇ ಕೈಮುಗಿದ ಫೋಟೋ, ಅದೇ ಕೂಲಿಂಗ್ ಗ್ಲಾಸು, ಕೆಳಗೆ ಶುಭ ಕೋರುವವರ ಮುಖಗಳ ಸಾಲು. ಒಬ್ಬನ ಮುಖ ಪಕ್ಕದವನದಕ್ಕಿಂತ ಸಣ್ಣದಾದರೆ ಅಂಗಡಿಗೇ ಬಂದು ಜಗಳ. ನಿಪ್ಪಾಣಿಯ ರಾಜಕೀಯ ಯಾರಿಗೆ ಗೊತ್ತಿಲ್ಲದಿದ್ದರೂ ಫ್ಲೆಕ್ಸ್ ಡಿಸೈನ್ ಮಾಡುವವಳಿಗೆ ಗೊತ್ತಿರುತ್ತದೆ.

ಮಧ್ಯಾಹ್ನ ಕುಣಾಲ ಬಂದಿದ್ದ. ನನಗೆ ಗೊತ್ತು ಮಾಡಿರುವ ಶ್ರೇಣಿಕರ ತಮ್ಮ. ಸಾಖರಪುಡಾ ಇನ್ನೂ ಆಗಿಲ್ಲ. ಈ ತಿಂಗಳ ಮೂವತ್ತಕ್ಕೆ ನಮ್ಮ ಮನೆಯಲ್ಲೇ ನಿಶ್ಚಿತಾರ್ಥ ಅಂತ ಹಿರಿಯರು ಮಾತಾಡಿಕೊಂಡಿದ್ದಾರೆ. ಅವನು ಮಾತ್ರ ಈಗಲೇ ನನ್ನನ್ನು ಅತ್ತಿಗೆ ಮಾಡಿಕೊಂಡು ವಹಿನಿ ಅನ್ನುತ್ತಾನೆ. ಕೇಳಲು ಹಿತ. ಸುಳ್ಳು ಯಾಕೆ ಬರೆಯಲಿ.

ಮೊಬೈಲಿನಲ್ಲಿ ಕಾಮಿಡಿ ತುಣುಕು ಮಾಡುತ್ತಿದ್ದವನು ಈಗ ಒಂದು ಶಾರ್ಟ್ ಫಿಲಂ ಮಾಡಿದ್ದಾನೆ. ‘ಬಾಳ್ಯಾನ ಕನ್ಯಾ ಬೇಟೆ’. ಲವ್ ಕಾಮಿಡಿಯಂತೆ. ಪೋಸ್ಟರ್ ಬೇಕು. ಹೀರೋ ದೊಡ್ಡದಾಗಿ, ಪಕ್ಕದಲ್ಲಿ ಎಮ್ಮೆ, ಹಿಂದೆ ಕಬ್ಬಿನ ಟ್ರ್ಯಾಕ್ಟರು. ಹುಡುಗಿ ಎಲ್ಲಿ ಅಂತ ಕೇಳಿದೆ. ಎಲ್ಲಿಯಾದರೂ ಮೂಲೆಯಲ್ಲಿ ಕೂಡಿಸಿಬಿಡಿ ಅಂದ. ಕೂಡಿಸಿದೆ. ಎಮ್ಮೆಯ ಕೊಂಬಿನಷ್ಟಾಯಿತು ಹುಡುಗಿಯ ಮುಖ. ಅವನು ನೋಡಿ ಬಹಳ ಚಂದ ಆಗಿದೆ ಅಂತ ಹೋದ.

ಸಂಜೆ ಮನೆಗೆ, ಬೋರಗಾಂವಕ್ಕೆ ಬರುವಾಗ ರಸ್ತೆ ತುಂಬ ಕಬ್ಬಿನ ಗಾಡಿಗಳು. ಸೀಜನ್ ಶುರು. ಉದುರಿದ ಕಬ್ಬಿನ ಮೇಲೆ ಸ್ಕೂಟಿಯ ಗಾಲಿ ಹೋದರೆ ಜಾರುವುದೇ. ಕಣ್ಣು ನೆಲದ ಮೇಲಿಟ್ಟು ಬಂದೆ.

ನವೆಂಬರ್ 7, ಶುಕ್ರವಾರ

ಫಿಲಂ ಯೂಟ್ಯೂಬಿನಲ್ಲಿ ಬಿಟ್ಟಿದ್ದಾರೆ. ಊಟದ ಬಿಡುವಿನಲ್ಲಿ ನೋಡಿದೆ.

ಕಥೆ ಇಷ್ಟೇ. ಬಾಳ್ಯಾನಿಗೆ ವಯಸ್ಸು ಮೂವತ್ತು ದಾಟಿದೆ, ಕನ್ಯೆ ಸಿಗುತ್ತಿಲ್ಲ. ಹೊಲ ಇದೆ, ನೌಕರಿ ಇಲ್ಲ. ನಮ್ಮ ಸೀಮೆಯ ಅರ್ಧ ಮನೆಗಳ ಕಥೆ ಇದು. ಚೆನ್ನಾಗಿ ಮಾಡಿದ್ದರೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬರಬೇಕಿತ್ತು. ಅವನ ಕಾಕಾನ ಪಾತ್ರ ಮಾಡಿದ ಮುದುಕ, ಲಕ್ಷ್ಮಣ ಅಂತ ಹೆಸರು ಬರುತ್ತದೆ, ಅವನು ಬಂದಾಗಲೆಲ್ಲ ನಗು ಬರುತ್ತದೆ. ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡು ಎಮ್ಮೆಯನ್ನು ನೋಡುತ್ತಾನೆ, ಅಷ್ಟಕ್ಕೇ ನಗು. ಆಮೇಲೆ ಬಾಳ್ಯಾ ಒಬ್ಬ ಹುಡುಗಿಯ ಬೆನ್ನು ಹತ್ತುತ್ತಾನೆ. ಆಕೆ ಒಲ್ಲೆ ಅನ್ನುತ್ತಾಳೆ, ಅಂದರೆ ತಲೆ ಅಲ್ಲಾಡಿಸುತ್ತಾಳೆ. ಅವನು ಆಕೆಯ ಸ್ಕೂಟಿಯ ಮುಂದೆ ಕಬ್ಬು ಚೆಲ್ಲುತ್ತಾನೆ. ಆಕೆ ಜಾರಿ ಬೀಳುತ್ತಾಳೆ. ಅವನು ಎತ್ತುತ್ತಾನೆ. ಲವ್!

ಇಡೀ ಫಿಲಂನಲ್ಲಿ ಆ ಹುಡುಗಿಗೆ ಇರುವುದು ನಾಚಿಕೊಂಡು ಅನ್ನುವ ಒಂದೇ ಮಾತು: ‘ಇಶ್ಶ’. ನಾನು ಹುಟ್ಟಿದಾಗಿನಿಂದ ಈ ಸೀಮೆಯಲ್ಲಿ ಯಾವ ಹುಡುಗಿಯೂ ಇಶ್ಶ ಅಂದದ್ದು ಕೇಳಿಲ್ಲ. ಹಿಂದೆ ಬಿದ್ದವನಿಗೆ ಅವರು ಬೇರೆ ಮಾತು ಅನ್ನುತ್ತಾರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ರಿವ್ಯೂ ಮಾಡಬೇಕು. ನನ್ನ ‘ಹಿಂದಿನ ಖುರ್ಚಿ’ ಚಾನೆಲ್ ಇರುವುದೇ ಇದಕ್ಕೆ. ಮುಖ ತೋರಿಸುವುದಿಲ್ಲ, ಬರೀ ದನಿ. ಇಲ್ಲಿನ ಹುಡುಗರು ಮಾಡುವ ಫಿಲಂ ಬಗ್ಗೆ ಯಾರೂ ಮಾತೇ ಆಡುವುದಿಲ್ಲ, ‘ಸೂಪರ್ ಅಣ್ಣಾ’ ಅಂತ ಬರೆದು ಮುಗಿಸುತ್ತಾರೆ. ನಾನು ಕೂತು ಮಾತಾಡುತ್ತೇನೆ. ಆದರೆ ಇದು ಮೈದುನ ಆಗುವವನ ಫಿಲಂ. ಅವ್ವನ ಹತ್ತಿರ ಹೇಳಿದರೆ ಬಾಯಿ ಮುಚ್ಚಿಕೊಂಡಿರು ಅನ್ನುತ್ತಾಳೆ. ಹೇಳುವುದಿಲ್ಲ.

ಶ್ರೇಣಿಕರಿಗೆ ಚಾನೆಲ್ ಗೊತ್ತು. ನನ್ನನ್ನು ನೋಡಲು ಬಂದ ದಿನವೇ ಹೇಳಿದ್ದೆ. ಎಲ್ಲರ ಮುಂದೆಯೇ ಅಂದಿದ್ದರು, ನಂಗ ಮಾತಾಡೂ ಹುಡುಗೀನ ಬೇಕಾಗಿತ್ತು ಅಂತ. ಅವತ್ತೇ ಹಿಡಿಸಿದ್ದರು ನನಗೆ.

ನವೆಂಬರ್ 8, ಶನಿವಾರ. ಮಧ್ಯಾಹ್ನ

ಕರೆಂಟು ಹೋಗಿದೆ. ಅಪ್ಪನ ಪವರ್‌ಲೂಮುಗಳು ಸುಮ್ಮನಾಗಿವೆ. ಕರೆಂಟು ಹೋದರೆ ಊರೆಲ್ಲ ಬೈಯುತ್ತದೆ, ನಾನು ಮಾತ್ರ ರೆಕಾರ್ಡಿಂಗಿಗೆ ಕೂರುತ್ತೇನೆ.

ಮತ್ತೊಮ್ಮೆ ನೋಡಿದೆ. ಬೀಳುವ ಸೀನು ಬೇರೆ ಥರ ಕಂಡಿತು. ಉಳಿದ ಕಡೆ ಕಟ್ಟಿಗೆಯ ಹಾಗೆ ನಿಂತವಳು ಬಿದ್ದಾಗ ಮಾತ್ರ ನಿಜವಾಗಿ ಬಿದ್ದಂತಿದೆ. ಕಾಲು ಸ್ಕೂಟಿಯ ಕೆಳಗೆ, ಮೊಳಕೈ ನೆಲಕ್ಕೆ. ತುಟಿ ಅಲ್ಲಾಡುತ್ತದೆ, ಏನೋ ಹೇಳುತ್ತಾಳೆ. ಆದರೆ ಅದರ ಮೇಲೆ ಡೊಂಯ್ ಡೊಂಯ್ ಅಂತ ಕಾಮಿಡಿ ಮ್ಯೂಸಿಕ್. ಏನು ಹೇಳಿದಳು? ನಿಧಾನ ಮಾಡಿ ನೋಡಿದೆ, ಗೊತ್ತಾಗಲಿಲ್ಲ.

ಹೇಳಬೇಕಾದದ್ದನ್ನು ಹೇಳಿಬಿಟ್ಟೆ. ಮುದುಕನನ್ನು ಹೊಗಳಿದೆ. ಎಮ್ಮೆಯನ್ನೂ ಹೊಗಳಿದೆ, ಟೈಮಿಂಗ್ ಚೆನ್ನಾಗಿದೆ ಅಂತ. ಬಾಳ್ಯಾನ ಅಂಗಿ ಹೊಲಕ್ಕೆ ಹೋಗುವಾಗ ನೀಲಿ, ಹೊಲದಲ್ಲಿ ಕೆಂಪು ಅಂದೆ. ಹುಡುಗಿಯ ಮನೆಯ ಸೀನಿನಲ್ಲಿ ಗೋಡೆಗೆ ತೀರ್ಥಂಕರರ ಫೋಟೋ ಇದೆ, ಕೆಳಗೆ ಟ್ಯೂಬ್‌ಲೈಟ್ ಹಚ್ಚಿಕೊಂಡು ಬೀಗರಿಗೆ ಕಾಂದಾಪೋಹೆ, ಈರುಳ್ಳಿ ಅವಲಕ್ಕಿ, ಬಡಿಸುತ್ತಿದ್ದಾರೆ. ಹೊತ್ತು ಮುಳುಗಿದರೆ ಊಟ ಮಾಡದ ಜೈನರ ಮನೆಯಲ್ಲಿ, ಕತ್ತಲಾದ ಮೇಲೆ! ಕಿಟಕಿಯ ಹೊರಗೆ ಚಂದ್ರ ಬೇರೆ. ಡೈರೆಕ್ಟರ್ ಸಾಹೇಬರು ತಮ್ಮ ಮನೆಯ ಅಡುಗೆಮನೆಗೆ ಒಮ್ಮೆ ಹೋಗಿ ಬರಲಿ ಅಂದೆ.

ಕೊನೆಗೆ ಇದು: ಈ ಸೀಜನ್‌ನಲ್ಲಿ ನಿಪ್ಪಾಣಿಯಿಂದ ಚಿಕ್ಕೋಡಿಯವರೆಗೆ ಸ್ಕೂಟಿ ಓಡಿಸುವ ಯಾವ ಹೆಂಗಸನ್ನಾದರೂ ಕೇಳಿ, ಕಬ್ಬಿನ ಮೇಲೆ ಜಾರಿದರೆ ನಗು ಬರುತ್ತದೆಯೇ ಅಂತ. ಒಲ್ಲೆ ಅಂದವಳನ್ನು ಕೆಡವಿ ಎತ್ತಿದರೆ ಅದು ಪ್ರೀತಿ ಅಲ್ಲ. ನಾಯಕಿ ಗೊಂಬೆಯ ಹಾಗೆ ನಿಂತಿದ್ದಾಳೆ, ನಟನೆ ಬರುವುದಿಲ್ಲ. ಬೀಳುವುದು ಮಾತ್ರ ಬರುತ್ತದೆ.

ಹಾಕಿದೆ. ಮನಸ್ಸು ಹಗುರವಾಗಿದೆ.

ನವೆಂಬರ್ 10, ಸೋಮವಾರ

ಪೋಹೆಯ ಮಾತು ಊರೆಲ್ಲ ತಿರುಗಿದೆ! ಶ್ರೇಣಿಕರ ಊರು ಶಿರಗುಪ್ಪಿ. ಅಲ್ಲಿ ಬಸದಿಯಲ್ಲಿ ಯಾರೋ ಅವರ ಅಜ್ಜಿ ಲಕ್ಷ್ಮಿಬಾಯಿಯವರನ್ನು ಕೇಳಿದರಂತೆ, ನಿಮ್ಮ ಮೊಮ್ಮಗ ಹೊತ್ತು ಮುಳುಗಿದ ಮೇಲೆ ಪೋಹೆ ತಿನ್ನಿಸುತ್ತಾನಂತೆ ಹೌದೇನು ಅಂತ. ಸಂಜೆಯಾದ ಮೇಲೆ ನೀರು ಸಹ ಮುಟ್ಟದ ಅಜ್ಜಿ. ಕುಣಾಲನ ಜೊತೆ ಮಾತು ಬಿಟ್ಟಿದ್ದಾರಂತೆ. ಶ್ರೇಣಿಕರೇ ಫೋನ್ ಮಾಡಿ ಹೇಳಿದರು, ನಗುತ್ತಲೇ. ನಾನೂ ನಕ್ಕೆ. ಫೋನ್ ಇಡುವ ಮೊದಲು ಅಂದರು, ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಅಂತ.

ಕುಣಾಲ ಮೆಸೇಜ್ ಹಾಕಿದ್ದಾನೆ: ‘ವಹಿನಿ, ನಮ್ಮವರ ಹಿಂಗ ಮಾಡಿದ್ರ ಹೆಂಗ?’

ನವೆಂಬರ್ 12, ಬುಧವಾರ

ಕಮೆಂಟುಗಳು. ‘ಮೊದಲು ಲಗ್ನ ಆಗವಾ ತಂಗಿ.’ ‘ಈಕಿಗೆ ಯಾರೂ ಬೆನ್ನ ಹತ್ತಿಲ್ಲ, ಅದಕ್ಕ ಹೊಟ್ಟಿಕಿಚ್ಚ.’ ‘ಕಾಮಿಡಿ ಅಂದ್ರ ತಿಳೀದವರು ರಿವ್ಯೂ ಮಾಡಬಾರದು.’ ಒಂದೆರಡು ಹುಡುಗಿಯರು ಸುಮ್ಮನೆ ಹಾರ್ಟ್ ಹಾಕಿದ್ದಾರೆ, ಹೆಸರು ಇಲ್ಲದ ಅಕೌಂಟಿನಿಂದ.

ಇದು ಯಾವುದೂ ನೋಯಿಸಲಿಲ್ಲ. ನೋಯಿಸಿದ್ದು ಸಂಜೆಯ ಫೋನು. ಶ್ರೇಣಿಕರ ಆಯಿ, ಅಂದರೆ ಅವರ ತಾಯಿ, ಅವ್ವನಿಗೆ ಮಾಡಿದ್ದರು. ಬಹಳ ಮೆತ್ತಗೆ ಮಾತಾಡಿದರಂತೆ, ಬೈಯಲೇ ಇಲ್ಲವಂತೆ. ಮನೆಗೆ ಬರುವ ಸೊಸೆ ಮನೆಯ ಹುಡುಗನ ಮಾನ ಬೀದಿಗೆ ತಂದರೆ ನಾಲ್ಕು ಜನ ಏನಂತಾರೆ ಅಂತ ಕೇಳಿದರಂತೆ. ಮೂವತ್ತರೊಳಗೆ ಆ ವಿಡಿಯೋ ತೆಗೆಯಲಿ, ತಪ್ಪಾಯಿತು ಅಂತ ಒಂದು ಮಾತು ಹೇಳಲಿ, ಆಮೇಲೆ ಎಲ್ಲ ಮರೆತು ಸಂತೋಷದಿಂದ ಬರುತ್ತೇವೆ ಅಂದರಂತೆ.

ಅಂದರೆ, ತೆಗೆಯದಿದ್ದರೆ ಬರುವುದಿಲ್ಲ.

ಅವ್ವ ನನ್ನ ಮುಂದೆ ಕೂತು ಅತ್ತಳು. ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಅಂತ ಹಾಡಿದ್ದೇ ಹಾಡಿದಳು. ತೆಗೆದುಬಿಡು, ಯಾರು ನೋಡುತ್ತಾರೆ ಅದನ್ನು ಅಂದಳು. ಯಾರೂ ನೋಡದಿದ್ದರೆ ಯಾಕೆ ತೆಗೆಯಬೇಕು ಅಂದೆ. ಎದ್ದು ಹೋದಳು.

ಶ್ರೇಣಿಕರ ಮೇಲೆ ಆಸೆ ಇದೆ ನನಗೆ. ಇಲ್ಲಿ ಯಾರೂ ಓದುವುದಿಲ್ಲ, ಬರೆದುಕೊಳ್ಳುತ್ತೇನೆ. ಅವರ ದ್ರಾಕ್ಷಿ ತೋಟದ ಫೋಟೋ ಕಳಿಸುತ್ತಾರೆ ದಿನಾ ಬೆಳಿಗ್ಗೆ. ಅದನ್ನು ನೋಡಿಯೇ ನಾನು ಹಾಸಿಗೆಯಿಂದ ಏಳುವುದು.

ನವೆಂಬರ್ 16, ಭಾನುವಾರ

ಇವತ್ತು ಅಂಗಡಿ ಅರ್ಧ ದಿನ. ಮುಚ್ಚುವ ಹೊತ್ತಿಗೆ ಒಬ್ಬ ಹುಡುಗಿ ಬಂದು ನಿಂತಳು. ಬ್ಯಾನರು ಏನು ಸೈಜ್ ಅಂತ ಕೇಳಿದೆ. ಸುಮ್ಮನೆ ನೋಡಿದಳು. ಆಮೇಲೆ ಗುರುತು ಹತ್ತಿತು. ಎಮ್ಮೆಯ ಕೊಂಬಿನಷ್ಟು ಮಾಡಿದ್ದೆನಲ್ಲ ಆ ಮುಖ. ಕೋಮಲ. ಏಕಸಂಬಿಯವಳು, ಚಿಕ್ಕೋಡಿಯಲ್ಲಿ ಬಿ.ಎ. ಕೊನೆಯ ವರ್ಷ. ನನ್ನ ದನಿ ಕೇಳಿ, ಯಾರನ್ನೋ ವಿಚಾರಿಸಿ, ಬಸ್ಸು ಹಿಡಿದು ಬಂದಿದ್ದಳು.

‘ಗೊಂಬಿ ಅಂದ್ರಲ್ರಿ ಅಕ್ಕಾ ನಂಗ,’ ಅಂದಳು. ‘ನಾ ಎರಡ ಹಾಳಿ ಡೈಲಾಗ್ ಬಾಯಿಪಾಠ ಮಾಡಿದ್ದೆ. ಅವನ್ನ ಬೈಯೂ ಸೀನ ನಂದ ಇತ್ತ. ಎಲ್ಲಾ ಕತ್ತರಿಸಿ ಇಶ್ಶ ಅಷ್ಟ ಇಟ್ಟಾರ.’

ಮೈಕಿನಲ್ಲಿ ಗಾಳಿ ಬಂದಿದೆ, ನಿನ್ನ ಮಾತು ಸರಿಯಾಗಿ ಕೇಳುವುದಿಲ್ಲ ಅಂತ ಕುಣಾಲ ಹೇಳಿದನಂತೆ. ಅದೇ ಮೈಕಿನಲ್ಲಿ ಹೀರೋನ ಮಾತು ಕೇಳುತ್ತದೆ, ಎಮ್ಮೆಯದೂ ಕೇಳುತ್ತದೆ.

ನನಗೆ ನಾಚಿಕೆಯಾಯಿತು. ಕತ್ತರಿಸಿದವರನ್ನು ಬಿಟ್ಟು ಕತ್ತರಿಸಿಕೊಂಡವಳನ್ನು ಬೈದಿದ್ದೆ. ತಪ್ಪಾಯಿತು ಅಂದೆ, ಅಲ್ಲಿಯೇ. ಕೂಡಿಸಿ ಚಹಾ ತರಿಸಿದೆ. ಲೋಟವನ್ನು ಎಡಗೈಯಲ್ಲಿ ಹಿಡಿದಳು. ಬಲ ಮೊಳಕೈ ನೋಡಿದೆ. ಗಾಯ ಒಣಗಿದೆ, ಕೈ ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ.

ಬೀಳುವ ಸೀನಿನಲ್ಲಿ ಆಕೆ ಬೀಳಬೇಕಾಗಿಯೇ ಇರಲಿಲ್ಲವಂತೆ. ಬ್ರೇಕ್ ಹಾಕಿ ನಿಲ್ಲುವುದು, ಇಳಿದು ಅವನನ್ನು ಬೈಯುವುದು, ಅಷ್ಟೇ ಬರೆದದ್ದು. ಅವರು ರಸ್ತೆಯ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ಕಬ್ಬು ಚೆಲ್ಲಿದ್ದರು. ಜಾರಿದಳು. ನಿಜವಾಗಿಯೇ ಬಿದ್ದಳು.

ತುಟಿ ಅಲ್ಲಾಡುತ್ತದಲ್ಲ, ಏನು ಹೇಳಿದೆ ಅಂತ ಕೇಳಿದೆ.

‘ಕ್ಯಾಮೆರಾ ಬಂದ ಮಾಡ್ರಿ, ನಂಗ ಕೈ ಎತ್ತಾಕ ಆಗವಲ್ದು ಅಂದ್ನಿ. ಅವರು ನಗಾಕತ್ತಿದ್ರು. ತಿಳೀದ ನಗಾಕತ್ತಾರ ಅನ್ಕೊಂಡಿದ್ದೆ. ಆದರ ತಿಳದ ಮ್ಯಾಲೂ ಅದನ್ನ ಫಿಲಂನ್ಯಾಗ ಇಟ್ರಲ್ರಿ.’

ಮನೆಯಲ್ಲಿ ತಾನೇ ಸ್ಕೂಟಿಯಿಂದ ಬಿದ್ದೆ ಅಂತ ಹೇಳಿದ್ದಾಳೆ. ಶೂಟಿಂಗಿನಲ್ಲಿ ಅಂತ ಗೊತ್ತಾದರೆ ಇನ್ನು ಎಂದೂ ಬಿಡುವುದಿಲ್ಲ ಅಂತ. ಆಕೆಗೆ ನಟಿಸುವ ಹುಚ್ಚು. ಕೊನೆಗೆ ಆ ಡೈಲಾಗ್ ಹೇಳಿ ತೋರಿಸಿದಳು, ಅಂಗಡಿಯಲ್ಲೇ, ಪ್ರಿಂಟಿಂಗ್ ಮಷೀನಿನ ಪಕ್ಕ ನಿಂತು. ಏನು ಬೈಗುಳ! ನಾನು ಬಿದ್ದು ಬಿದ್ದು ನಕ್ಕೆ. ಇಡೀ ಫಿಲಂನಲ್ಲಿ ಇಲ್ಲದ ಕಾಮಿಡಿ ಅದರಲ್ಲಿತ್ತು.

ನವೆಂಬರ್ 17, ಸೋಮವಾರ

ಕುಣಾಲನಿಗೆ ಫೋನ್ ಮಾಡಿದೆ. ನಿಜವಾಗಿ ಬಿದ್ದದ್ದೇ ಅಂತ ಕೇಳಿದೆ. ಹೌದು ಅಂದ, ಏನೂ ಮುಚ್ಚುಮರೆ ಇಲ್ಲದೆ. ತಾವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು, ಎಲುಬು ಮುರಿದಿರಲಿಲ್ಲ, ಕೋಮಲ ಸುಮ್ಮನೆ ದೊಡ್ಡದು ಮಾಡುತ್ತಾಳೆ ಅಂದ. ಆ ಶಾಟ್ ತೆಗೆದುಬಿಡು ಅಂದೆ.

‘ವಹಿನಿ, ಮಂದಿ ಭಾಳ ನಗೂದ ಅದ ಸೀನಿಗೆರಿ. ಅದನ್ನ ತೆಗದ್ರ ಫಿಲಂನ್ಯಾಗ ಏನ ಉಳೀತೈತಿ?’

ಕೆಟ್ಟವನಲ್ಲ ಅವನು. ಅದಕ್ಕೇ ಹೆಚ್ಚು ಸಿಟ್ಟು ಬಂತು. ಕೆಟ್ಟವನಾಗಿದ್ದರೆ ಬೈದು ಮುಗಿಸುತ್ತಿದ್ದೆ. ಇವನಿಗೆ ನಾನು ಏನು ಕೇಳುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ.

ನವೆಂಬರ್ 19, ಬುಧವಾರ

ಬೆಳಿಗ್ಗೆ ದ್ರಾಕ್ಷಿಯ ಫೋಟೋ ಬರಲಿಲ್ಲ. ಬಂದದ್ದು ಇದು. ಶ್ರೇಣಿಕರು ನನಗಾಗಿ ಬರೆದು ಕಳಿಸಿದ ನಾಲ್ಕು ಸಾಲು:

‘ನನ್ನ ಹಿಂದಿನ ವಿಡಿಯೋದಿಂದ ಚಿತ್ರತಂಡಕ್ಕೆ ನೋವಾಗಿದ್ದರೆ ಕ್ಷಮೆ ಇರಲಿ. ಅವಸರದಲ್ಲಿ ತಪ್ಪು ತಿಳಿದು ಮಾತಾಡಿದ್ದೆ. ನಮ್ಮ ಭಾಗದ ಪ್ರತಿಭೆಗಳು ಮಾಡಿದ ಒಳ್ಳೆಯ ಹಾಸ್ಯಚಿತ್ರ ಇದು. ಎಲ್ಲರೂ ನೋಡಿ ಪ್ರೋತ್ಸಾಹಿಸಿ.’

ಕೆಳಗೆ: ‘ಇಷ್ಟ ಓದಿಬಿಡು ಸಾಕು. ಆಯಿಗೆ ನಾ ಸಮಾಧಾನ ಮಾಡ್ತೀನಿ.’

ಒಳ್ಳೆಯ ಭಾಷೆ. ತಪ್ಪೇ ಇಲ್ಲ. ಫೋನ್ ಮಾಡಿದೆ. ಫಿಲಂ ನೋಡಿದ್ದೀರಾ ಅಂತ ಕೇಳಿದೆ. ಇಲ್ಲ, ತೋಟದಲ್ಲಿ ಔಷಧ ಹೊಡೆಯುವ ಗಡಿಬಿಡಿ ಅಂದರು. ನನ್ನ ವಿಡಿಯೋ ಕೇಳಿದ್ದೀರಾ? ಪೋಹೆಯ ತುಣುಕು ಯಾರೋ ಕಳಿಸಿದ್ದರು, ಅಷ್ಟು ಕೇಳಿದೆ ಅಂದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದ ಹಾಗಾಯಿತು. ಏನು ನಡೆದಿದೆ ಅಂತ ನೋಡಿಯೂ ಇಲ್ಲ, ನಾನು ಏನು ಅಂದೆ ಅಂತ ಕೇಳಿಯೂ ಇಲ್ಲ. ನಾನು ಏನು ಅನ್ನಬೇಕು ಅಂತ ಮಾತ್ರ ಬರೆದಾಗಿದೆ.

ಕೋಮಲಳ ಮಾತು ಕತ್ತರಿಸಿ ಇಶ್ಶ ಇಟ್ಟರು. ನನಗೆ ನಾಲ್ಕು ಸಾಲು ಕೊಟ್ಟಿದ್ದಾರೆ. ನಾನು ಸ್ವಲ್ಪ ಓದಿದವಳಲ್ಲವೇ, ಅದಕ್ಕೇ ಇಷ್ಟುದ್ದ.

ಮೊದಲು ನೋಡ್ರಿ, ಆಮೇಲೆ ಮಾತಾಡೋಣ ಅಂತ ಹೇಳಿ ಫೋನ್ ಇಟ್ಟೆ.

ನವೆಂಬರ್ 20

ಏನೂ ಇಲ್ಲ. ಫೋಟೋ ಇಲ್ಲ.

ನವೆಂಬರ್ 23, ಭಾನುವಾರ

ಶ್ರೇಣಿಕರು ಬಂದಿದ್ದರು, ಒಬ್ಬರೇ. ಅಂಗಡಿ ಮುಚ್ಚಿದ ಮೇಲೆ ನಿಪ್ಪಾಣಿ ಸ್ಟ್ಯಾಂಡಿನ ಹತ್ತಿರದ ಐಸ್‌ಕ್ರೀಂ ಅಂಗಡಿಯಲ್ಲಿ ಕೂತೆವು. ಇಸ್ತ್ರಿ ಮಾಡಿದ ಅಂಗಿ, ಉಗುರಿನಲ್ಲಿ ತೋಟದ ಮಣ್ಣು. ಅದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿದಿತ್ತು.

ಎರಡು ಸಲ ನೋಡಿದೆ ಅಂದರು. ನನ್ನದೂ ಪೂರ್ತಿ ಕೇಳಿದರಂತೆ. ಕೋಮಲಳ ಕೈಯ ವಿಷಯ ನಾನು ಹೇಳಿದೆ, ಆಕೆ ಏನು ಕೂಗಿದಳು ಅಂತಲೂ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಕಪ್ಪಿನಲ್ಲಿ ಚಮಚ ಆಡಿಸುತ್ತಿದ್ದರು. ಆಗ ಕೇಳಿದೆ, ಮೊದಲ ಸಲ ನೋಡಿದಾಗ ಎಲ್ಲಿ ನಕ್ಕಿರಿ ಅಂತ.

ಸುಳ್ಳು ಹೇಳಬಹುದಿತ್ತು. ಮುದುಕನನ್ನು ನೋಡಿ ಅನ್ನಬಹುದಿತ್ತು.

‘ಆಕಿ ಬಿದ್ದಾಗ,’ ಅಂದರು.

ಖರೆ ಹೇಳಿದರಲ್ಲ ಅಂತ ಒಂದು ಮನಸ್ಸು. ಇವರಿಗೂ ನಗು ಬಂತಲ್ಲ ಅಂತ ಇನ್ನೊಂದು. ಐಸ್‌ಕ್ರೀಂ ಪಕ್ಕಕ್ಕೆ ಸರಿಸಿದೆ.

ಈಗ ಗೊತ್ತಾಯಿತಲ್ಲ, ಮನೆಯಲ್ಲಿ ಹೇಳಿರಿ ಅಂದೆ. ಕುಣಾಲನಿಗೆ ಹೇಳಿರಿ, ಆಯಿಗೆ ಹೇಳಿರಿ. ಅದಕ್ಕೆ ಅವರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನೆನಪಿದೆ.

‘ತೃಪ್ತಿ, ಈಗೊಂದ ಸಲ ಓದಿಬಿಡು. ಲಗ್ನ ಆದಮ್ಯಾಲ ನಿಂಗ ಏನ ಬೇಕೋ ಅದನ್ನ ಮಾತಾಡು. ನಾ ಬ್ಯಾಡ ಅನ್ನೂದಿಲ್ಲ.’

‘ಲಗ್ನಕ್ಕಿಂತ ಮೊದಲ ಬಾಯಿ ಮುಚ್ಚಿದಾಕಿ ಲಗ್ನ ಆದಮ್ಯಾಲ ಹೆಂಗ್ರಿ ತೆಗೀಲಿ?’

ಬಿಲ್ ಕೊಡಲು ಎದ್ದರು. ಸ್ಕೂಟಿಯವರೆಗೆ ಬಂದರು. ಹುಷಾರಾಗಿ ಹೋಗು, ದಾರಿಯಲ್ಲಿ ಕಬ್ಬು ಬಿದ್ದಿರುತ್ತದೆ ಅಂದರು. ಅಷ್ಟು ಕಾಳಜಿ ಇರುವ ಮನುಷ್ಯ. ದಾರಿಯುದ್ದಕ್ಕೂ ಅತ್ತೆ. ಸಿಟ್ಟಿಗೆ ಅತ್ತದ್ದು, ಆಸೆಗೂ ಅತ್ತದ್ದು.

ನವೆಂಬರ್ 25, ಮಂಗಳವಾರ

ಅಪ್ಪ ಎಲ್ಲ ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದರು. ಇವತ್ತು ಊಟಕ್ಕೆ ಕೂತಾಗ ಅವ್ವ ಮತ್ತೆ ಶುರು ಮಾಡಿದಳು. ಬೀಗರಿಗೆ ಏನು ಹೇಳಲಿ, ಊರಿಗೆಲ್ಲ ಹೇಳಿ ಆಗಿದೆ, ಬೋರಗಾಂವದಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಅಂತ. ಅಪ್ಪ ಕೇಳಿದರು, ಆ ಸೀನಿನ ಬಗ್ಗೆ ನೀನು ಅಂದದ್ದು ಖರೆಯೋ ಸುಳ್ಳೋ ಅಂತ. ಖರೆ ಅಂದೆ.

‘ಖರೆ ಅಂದಮ್ಯಾಲ ಅದನ್ನ ಖೊಟ್ಟಿ ಅಂತ ಹೆಂಗ ಹೇಳತಾಳ ಆಕಿ?’ ಅಂದರು ಅವ್ವನಿಗೆ. ಮತ್ತೆ ಊಟ ಮಾಡಿದರು.

ಅವ್ವ ತಟ್ಟೆ ಸರಿಸಿದಳು. ಅಷ್ಟು ದೊಡ್ಡದೇನಿದೆ ಅದರಲ್ಲಿ, ನನಗೂ ತೋರಿಸು ಅಂದಳು. ಫಿಲಂ ಹಚ್ಚಿ ಕೈಗೆ ಕೊಟ್ಟೆ. ಕಾಕಾನ ಸೀನಿಗೆ ನಕ್ಕಳು, ಸೆರಗು ಬಾಯಿಗೆ ಹಿಡಿದುಕೊಂಡು. ಪೋಹೆಯ ಸೀನಿಗೆ ಛೀ ಅಂದಳು. ಕಬ್ಬು ಬಂತು. ಸ್ಕೂಟಿ ಬಂತು. ಅವ್ವನಿಗೆ ನಾನು ಕೋಮಲಳ ಕೈಯ ಬಗ್ಗೆ ಏನೂ ಹೇಳಿರಲಿಲ್ಲ. ಆಕೆಗೆ ಎಲ್ಲ ನಟನೆಯೇ.

‘ಅಯ್ಯ ನಮ್ಮವ್ವ, ಕೂಸಿಗೆ ಪೆಟ್ಟಾತಲ್ಲ,’ ಅಂದಳು.

ಮ್ಯೂಸಿಕ್ ಡೊಂಯ್ ಡೊಂಯ್ ಅಂತಲೇ ಇತ್ತು. ಅವ್ವನಿಗೆ ಅದು ಕೇಳಿಸಿದಂತೆಯೇ ಕಾಣಲಿಲ್ಲ. ಫೋನು ನನ್ನ ಕೈಗೆ ಕೊಟ್ಟು, ಯಾರ ಮಗಳು ಆಕೆ ಅಂತ ಕೇಳಿದಳು. ಆಗ ಎಲ್ಲ ಹೇಳಿದೆ. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ತೆಗೆದುಬಿಡು ಅಂತ ಆಮೇಲೆ ಅನ್ನಲಿಲ್ಲ.

ನವೆಂಬರ್ 28, ಶುಕ್ರವಾರ

ಕೋಮಲಳನ್ನು ಕರೆಸಿದೆ. ಮೊದಲು ಮನೆಯಲ್ಲಿ ಹೇಳಿ ಬಾ ಅಂತ ಹೇಳಿದ್ದೆ. ಹೇಳಿದ್ದಾಳೆ. ಆಕೆಯ ಅಪ್ಪ ಮಾತು ಬಿಟ್ಟರು, ಆದರೆ ಬಸ್ ಸ್ಟ್ಯಾಂಡಿಗೆ ಬೈಕಿನಲ್ಲಿ ಬಿಟ್ಟು ಹೋದರಂತೆ.

ಇನ್ನು ಯಾರೂ ಆಕ್ಟಿಂಗಿಗೆ ಕರೆಯದಿದ್ದರೆ ಏನು ಮಾಡುತ್ತೀ ಅಂತ ಕೇಳಿದೆ.

‘ಕರೀಲಿಲ್ಲಂದ್ರ ನಾವ ಮಾಡೂಣ್ರಿ. ಮೊಬೈಲ್ ಅಂತೂ ನಮ್ಮ ಕಡೀನೂ ಐತಿ.’

ಅಟ್ಟದ ಮೇಲೆ ಕಿಟಕಿಯ ಬೆಳಕಿಗೆ ಕೂಡಿಸಿದೆ. ನಾನೂ ಪಕ್ಕದಲ್ಲಿ ಕೂತೆ. ಹಿಂದಿನ ಖುರ್ಚಿಯಲ್ಲಿ ಇಷ್ಟು ದಿನ ಮುಖ ಇರಲಿಲ್ಲ, ಇವತ್ತು ಎರಡು ಮುಖ. ನನ್ನ ತಪ್ಪು ಮೊದಲು ಹೇಳಿದೆ: ನಾಯಕಿಗೆ ನಟನೆ ಬರುವುದಿಲ್ಲ ಅಂದಿದ್ದೆ, ಬರುತ್ತದೆ, ನೋಡಿ. ಕೋಮಲ ಆ ಬೈಯುವ ಸೀನು ಪೂರ್ತಿ ಮಾಡಿದಳು. ಬಾಳ್ಯಾನ ಜಾಗದಲ್ಲಿ ನಾನು ತಲೆ ಕೆರೆದುಕೊಂಡು ನಿಂತೆ. ಕೆಳಗೆ ಅವ್ವ ನಗುವುದು ಕೇಳಿಸಿತು. ಆಮೇಲೆ ಬಿದ್ದಾಗ ತಾನು ಏನು ಅಂದೆ ಅನ್ನುವುದನ್ನು ಹೇಳಿದಳು, ಒಂದೇ ಸಲ, ಅಳದೆ. ಆ ಶಾಟ್ ತೆಗೆಯಿರಿ ಅಂತ ಕೇಳಿದಳು. ಯಾರ ಹೆಸರೂ ಎತ್ತಲಿಲ್ಲ, ಯಾರಿಗೂ ಬೈಯಲಿಲ್ಲ.

ಹಾಕುವ ಮೊದಲು ಶ್ರೇಣಿಕರಿಗೆ ಕಳಿಸಿದೆ. ಹಿಂದಿನಿಂದ ತಿಳಿಯುವುದು ಬೇಡ ಅಂತ. ನೋಡಿದ್ದಾರೆ, ವಾಟ್ಸಾಪಿನ ಗುರುತು ನೀಲಿಯಾಯಿತು.

ಹಾಕಿದೆ.

ನವೆಂಬರ್ 29, ಶನಿವಾರ

ಆಯಿ ಈ ಸಲ ಅಪ್ಪನಿಗೇ ಫೋನ್ ಮಾಡಿದರು. ನಾಳೆ ನಾವು ಬರುವುದಿಲ್ಲ ಅಂದರು. ಮುಂದಕ್ಕೆ ಹಾಕೋಣವೇನು ಅಂತ ಅಪ್ಪ ಕೇಳಿದರು. ಅದೂ ಬೇಡ ಅಂದರಂತೆ.

ಅವ್ವ ನಾಳೆಯ ಊಟಕ್ಕೆಂದು ಉಂಡಿ ಕಟ್ಟುತ್ತಿದ್ದಳು, ಕಟ್ಟುತ್ತಲೇ ಇದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತು ಕಟ್ಟಿದೆ.

ಕಮೆಂಟುಗಳು ಬರುತ್ತಿವೆ. ಬೈಗುಳವೂ ಇದೆ. ಈ ಸಲ ಹಾರ್ಟ್ ಹಾಕಿದ ಹುಡುಗಿಯರು ತಮ್ಮ ಹೆಸರಿನಲ್ಲೇ ಹಾಕಿದ್ದಾರೆ. ತಾನು ಎಲ್ಲಿ ಬಿದ್ದೆ, ಯಾರು ನಕ್ಕರು ಅಂತ ಅಥಣಿಯ ಒಬ್ಬಳು ಉದ್ದಕ್ಕೆ ಬರೆದಿದ್ದಾಳೆ. ಓದುತ್ತಾ ಕೂತೆ.

ನವೆಂಬರ್ 30, ಭಾನುವಾರ

ಇವತ್ತು ಸಾಖರಪುಡಾ ಇರಬೇಕಿತ್ತು.

ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇವತ್ತಿಗೆಂದು ತಂದಿಟ್ಟಿದ್ದ ಸೀರೆ ಉಟ್ಟೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಅಪ್ಪ ನೋಡಿ ಸುಮ್ಮನೆ ಲೂಮಿನ ಕಡೆ ಹೋದರು. ಅವ್ವ, ಮಾಡಿದ ಅಡುಗೆ ಬಹಳ ಇದೆ, ಕೋಮಲಳನ್ನು ಊಟಕ್ಕೆ ಕರೆ ಅಂದಳು. ಕರೆದೆ. ಬರುತ್ತೇನೆ ಅಂದಿದ್ದಾಳೆ.

ಈಗ ಶ್ರೇಣಿಕರ ಫೋನ್ ಬಂದಿತ್ತು. ರಸ್ತೆಯ ಸದ್ದು ಕೇಳುತ್ತಿತ್ತು. ಶಿರಗುಪ್ಪಿಯಿಂದ ಹೊರಟು ದಾರಿಯಲ್ಲಿ ನಿಂತಿದ್ದೇನೆ ಅಂದರು. ಮನೆಯಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗಿ ಬರುತ್ತೇನೆ ಅಂತ ಹೇಳಿ ಬಂದಿದ್ದಾರಂತೆ. ಉಂಗುರ ಕಿಸೆಯಲ್ಲಿದೆಯಂತೆ.

‘ನಾ ಒಬ್ಬನ ಬರ್ಲ್ಯಾ?’

ಬನ್ನಿ ಅನ್ನಬೇಕು ಅಂತ ಬಾಯಿ ತೆರೆದೆ. ನಿಜವಾಗಿ ತೆರೆದೆ.

‘ಕೋಮಲಗ ಏನಾತು ಅಂತ ಮನ್ಯಾಗ ಹೇಳೀರೇನ್ರಿ?’ ಅಂದೆ.

‘ಇನ್ನೂ ಇಲ್ಲ.’

‘ಹೇಳಿ ಬರ್ರಿ.’

‘ಹೇಳಿದ್ರ ಬರಾಕ ಬಿಡೂದಿಲ್ಲ ತೃಪ್ತಿ.’

‘ಹಂಗಾರ ಬರಬ್ಯಾಡ್ರಿ.’

ಅವರು ಇಡಲಿಲ್ಲ. ನಾನೂ ಇಡಲಿಲ್ಲ. ಹಿಂದೆ ಟ್ರ್ಯಾಕ್ಟರು ಹೋಗುವ ಸದ್ದು, ಅದರ ಟೇಪಿನ ಹಾಡು. ಕೊನೆಗೆ ನಾನೇ ಇಟ್ಟೆ.

ಅಳು ಬಂತು, ಅತ್ತೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ. ಎಲ್ಲ ಕೇಳಿಸಿಕೊಂಡಿದ್ದಾಳೆ. ಬೈಯುತ್ತಾಳೆ ಅಂದುಕೊಂಡೆ. ಹತ್ತಿರ ಬಂದು ನನ್ನ ನಿರಿಗೆ ಸರಿ ಮಾಡಿದಳು.

‘ಸೀರಿ ಬಿಚ್ಚಬ್ಯಾಡ. ಚಂದ ಕಾಣತಿ,’ ಅಂದಳು.

ಬಿಚ್ಚುವುದಿಲ್ಲ. ನನಗೆಂದು ತಂದ ಸೀರೆ ಇದು, ನನ್ನ ಮೈಮೇಲೇ ಇರಲಿ. ಅವರು ಹೇಳಿ ಬಂದರೆ ಬಾಗಿಲು ತೆರೆದಿದೆ. ಹೇಳದೆ ಬಂದರೆ, ಎಷ್ಟೇ ಆಸೆ ಇದ್ದರೂ, ನಾನು ಆ ಉಂಗುರಕ್ಕೆ ಬೆರಳು ಕೊಡುವುದಿಲ್ಲ.